ಗೋಡೆಗೆ ಮೊಳೆ ಹೊಡೆಯಲು ಬಿಡಿ

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಈ ಮಾತು ಹೊಸದಲ್ಲ. ಕಾವೇರಿ ನೀರು ಬರುತ್ತದೋ ಬೋರ್‌ವೆಲ್ಲೋ, ಸ್ಕೂಟರ್ ಎಲ್ಲಿ ನಿಲ್ಲಿಸಬೇಕು, ಗೇಟಿಗೆ ಎಷ್ಟು ಹೊತ್ತಿಗೆ ಬೀಗ, ಅಡ್ವಾನ್ಸ್ ಎಷ್ಟು ಎಂಬುದೆಲ್ಲ ಇತ್ಯರ್ಥವಾಗಿ ಬೀಗದ ಕೈ ಕೊಡುವ ಹೊತ್ತಿಗೆ ಓನರ್ ಹೇಳುತ್ತಾರೆ: “ನೋಡಿ, ಗೋಡೆಗೆ ಮಾತ್ರ ಒಂದೂ ಮೊಳೆ ಹೊಡೀಬೇಡಿ. ಈಗಷ್ಟೇ ಪೇಂಟ್ ಮಾಡ್ಸಿದೀವಿ.” ಬಂದವರು “ಇಲ್ಲ ಸಾರ್, ಹೊಡೆಯಲ್ಲ” ಅನ್ನುತ್ತಾರೆ. ಟೆಂಪೋದಿಂದ ಇಳಿದ ಸಾಮಾನು ನೆಲದ ಮೇಲೆ ಕೂರುತ್ತದೆ. ಪುಸ್ತಕ ರಟ್ಟಿನ ಪೆಟ್ಟಿಗೆಯಲ್ಲೇ ಉಳಿಯುತ್ತದೆ, ದೇವರ ಫೋಟೊ ಕಿಟಕಿಗೆ ಒರಗುತ್ತದೆ, ಬೇಳೆ ಡಬ್ಬಿಗಳು ಅಡಿಗೆಕಟ್ಟೆಯ ಕೆಳಗೆ ಗ್ಯಾಸ್ ಸಿಲಿಂಡರಿನ ಪಕ್ಕ ಸಾಲುಗಟ್ಟುತ್ತವೆ.

ಈ ನಿಷೇಧವನ್ನು ಯಾರೂ ಪ್ರಶ್ನಿಸುವುದಿಲ್ಲ. ಬದಲಿಗೆ ಅದರ ಸುತ್ತ ಒಂದು ಬುದ್ಧಿವಾದವೇ ಬೆಳೆದಿದೆ. ಗೃಹಾಲಂಕಾರದ ಪುರವಣಿಗಳು, ವಿಡಿಯೊಗಳು, ಫರ್ನಿಚರ್ ಜಾಹೀರಾತುಗಳು ಒಂದೇ ಧ್ವನಿಯಲ್ಲಿ ಹೇಳುತ್ತವೆ: ಬಾಡಿಗೆ ಮನೆಯವರು ಗೋಡೆಯ ಗೊಡವೆಗೆ ಹೋಗಬೇಡಿ. ಬಿಚ್ಚಿ ಜೋಡಿಸುವ ಮಾಡ್ಯುಲರ್ ಶೆಲ್ಫ್ ಕೊಳ್ಳಿ, ಒಂದರ ಮೇಲೊಂದು ಪೇರಿಸುವ ಪೆಟ್ಟಿಗೆ ಕೊಳ್ಳಿ, ಅಂಟಿಸುವ ಹುಕ್ ತನ್ನಿ, ಎರಡು ಗೋಡೆಗಳ ನಡುವೆ ಸ್ಪ್ರಿಂಗಿನಿಂದ ಬಿಗಿಯಾಗಿ ನಿಲ್ಲುವ ಕೋಲು ತನ್ನಿ. ಮನೆ ಬಿಡುವ ದಿನ ಎಲ್ಲವನ್ನೂ ಮಡಚಿಕೊಂಡು ಹೊರಡಿ. ಹೀಗೆ ಬದುಕುವುದೇ ಜಾಣತನ ಎಂದು ಎಷ್ಟು ಸಲ ಹೇಳಲಾಗಿದೆಯೆಂದರೆ, ಬಾಡಿಗೆದಾರರೇ ಅದನ್ನು ನಂಬಿ ಒಬ್ಬರಿಗೊಬ್ಬರು ಹೇಳಿಕೊಡುತ್ತಿದ್ದಾರೆ.

ನಾನು ಈ ಬುದ್ಧಿವಾದವನ್ನು ಒಪ್ಪುವುದಿಲ್ಲ. ಸಾಮಾನು ಇಡುವ ಜಾಗ ಮನೆಯ ಭಾಗ. ಬಾಗಿಲು, ಕಿಟಕಿ, ನಲ್ಲಿ, ಸ್ವಿಚ್ಚು ಹೇಗೆ ಮನೆಯ ಜೊತೆ ಬರುತ್ತವೋ ಹಾಗೆ ಶೆಲ್ಫೂ ಬರಬೇಕು. ಕಟ್ಟಿದವರು ಅದನ್ನು ಕೊಡದಿದ್ದರೆ, ವಾಸವಿರುವವರು ಗೋಡೆಗೆ ಶೆಲ್ಫ್ ಹಾಕಿಕೊಳ್ಳಲು ಬಿಡಬೇಕು. ಎರಡನ್ನೂ ಮಾಡದೆ, ಕೊರತೆಯನ್ನು ಬಾಡಿಗೆದಾರರ ತಲೆಗೆ ಕಟ್ಟಿ, ಅದನ್ನು ತುಂಬಿಕೊಳ್ಳಲು ಕಳಪೆ ಹಲಗೆಯ ಕಪಾಟು ಮಾರುವ ಈ ಏರ್ಪಾಡು ಅನ್ಯಾಯದ್ದು. ಮಕ್ಕಳಿರುವ ಮನೆಯಲ್ಲಿ ಅಪಾಯದ್ದು ಕೂಡ.

ಈ ಕೊರತೆ ಮೊದಲಿನಿಂದ ಇದ್ದದ್ದಲ್ಲ. ನಮ್ಮ ಹಳೆಯ ಮನೆಗಳಲ್ಲಿ ಸಾಮಾನಿನ ಜಾಗ ಗೋಡೆಯ ಜೊತೆಗೇ ಹುಟ್ಟುತ್ತಿತ್ತು. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಯಲ್ಲಿ ಗೂಡುಗಳು: ದೀಪಕ್ಕೊಂದು, ಕುಂಕುಮ ಭರಣಿಗೊಂದು, ಲೆಕ್ಕದ ಪುಸ್ತಕಕ್ಕೊಂದು. ಪಂಚೆ, ಕೊಡೆ, ಚೀಲಕ್ಕೆ ಗೋಡೆಯಿಂದ ಹೊರಚಾಚಿದ ಗಿಳಿಗೂಟ. ಬೆಕ್ಕಿಗೆ ಎಟುಕದಂತೆ ಹಾಲು ಮೊಸರಿನ ಗಡಿಗೆ ಇಡಲು ಜಂತೆಯಿಂದ ಇಳಿಬಿಟ್ಟ ನೆಲವು. ಸೂರಿನ ಕೆಳಗೆ ನಾಗಂದಿಗೆ, ಅದರಾಚೆ ಅಟ್ಟ, ಅಟ್ಟದಲ್ಲಿ ಹಬ್ಬಕ್ಕೆ ಮಾತ್ರ ಇಳಿಯುವ ಹಿತ್ತಾಳೆ ಪಾತ್ರೆ ಮತ್ತು ವರ್ಷದ ಹುಣಸೆಹಣ್ಣು. ಇದು ಸ್ವಂತ ಮನೆಯವರ ಸೌಭಾಗ್ಯವಷ್ಟೇ ಆಗಿರಲಿಲ್ಲ. 1890ರ ದಶಕದಲ್ಲಿ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದವು. ಮುಂದೆ ಅಲ್ಲೆಲ್ಲ ಬಂದ ವಠಾರಗಳು ಬಾಡಿಗೆಗೆಂದೇ ಕಟ್ಟಿದವು. ಅಂಗಳ ಒಂದು, ಬಾವಿಯೋ ನಲ್ಲಿಯೋ ಒಂದು, ಸಂಸಾರ ಹಲವು. ಎರಡೇ ಕೋಣೆಯ ಆ ಮನೆಗಳ ಗೋಡೆಯಲ್ಲೂ ಗೂಡು ಇರುತ್ತಿತ್ತು, ಅಡಿಗೆಮನೆಯ ನೆತ್ತಿಯಲ್ಲಿ ಅಟ್ಟ ಇರುತ್ತಿತ್ತು. ಆಮೇಲೆ ಬಂದ ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯ ಮನೆಗಳಲ್ಲಿ ಗೂಡಿನ ಜಾಗಕ್ಕೆ ಕಡಪ ಕಲ್ಲು ಬಂತು. ಅಡಿಗೆಮನೆಯ ಮೂಲೆಯಲ್ಲಿ ಗೋಡೆಯೊಳಗೆ ಕಚ್ಚಿಸಿದ ಮೂರು ಕಪ್ಪು ಹಲಗೆ, ಮೇಲೆ ಸಿಮೆಂಟಿನ ಸಜ್ಜೆ. ನೋಡಲು ಚೆಂದವಿರಲಿಲ್ಲ, ಆದರೆ ಐವತ್ತು ಕಿಲೋ ಅಕ್ಕಿ ಇಟ್ಟರೂ ಜಗ್ಗುತ್ತಿರಲಿಲ್ಲ. ಎಷ್ಟು ಸಂಸಾರ ಬಂದು ಹೋದರೂ ಕಲ್ಲು ಅಲ್ಲೇ ಇರುತ್ತಿತ್ತು.

ಗೋಡೆ ತೆಳುವಾದಂತೆ ಇದೆಲ್ಲ ಹೋಯಿತು. 30×40 ಸೈಟಿನಲ್ಲಿ ಮೂರು ಮಹಡಿ ಎಬ್ಬಿಸಿ ಪ್ರತಿ ಮಹಡಿಯಲ್ಲೂ ಎರಡು ಪೋರ್ಷನ್ ಮಾಡಬೇಕಾದಾಗ ಒಳಗೋಡೆ ನಾಲ್ಕು ಇಂಚಿನ ಕಾಂಕ್ರೀಟ್ ಬ್ಲಾಕಿಗೆ ಇಳಿಯುತ್ತದೆ. ನಾಲ್ಕು ಇಂಚಿನಲ್ಲಿ ಗೂಡು ತೆಗೆಯಲು ಬರುವುದಿಲ್ಲ. ಹಾಗಾದರೆ ಗೂಡಿನ ಬದಲು ಇನ್ನೇನಾದರೂ ಕೊಡಬೇಕಿತ್ತು. ಕೊಟ್ಟದ್ದು ಓನರ್ ತಾವು ಇರುವ ಪೋರ್ಷನ್ನಿಗೆ ಮಾತ್ರ. ಅಲ್ಲಿ ಬಡಗಿ ಬಂದು ವಾರ್ಡ್‌ರೋಬ್ ಮಾಡುತ್ತಾನೆ, ಲಾಫ್ಟಿಗೆ ಬಾಗಿಲು ಕೂರಿಸುತ್ತಾನೆ, ಟಿವಿಯ ಸುತ್ತ ಶೋಕೇಸು ಕಟ್ಟುತ್ತಾನೆ. ಬಾಡಿಗೆಯ ಪೋರ್ಷನ್ನಿಗೆ ನಾಲ್ಕು ಬೋಳು ಗೋಡೆ. ಅದೇ ಮೇಸ್ತ್ರಿ, ಅದೇ ಮರಳು, ಅದೇ ಸಿಮೆಂಟು, ಆದರೆ ಮನೆಗೆ ಬೇಕಾದ್ದೇನು ಎಂಬುದರ ತಿಳಿವಳಿಕೆ ಎರಡು ಬಗೆ. 2011ರ ಜನಗಣತಿಯ ಪ್ರಕಾರ ದೇಶದ ನಗರಗಳಲ್ಲಿ ನೂರಕ್ಕೆ 27ರಷ್ಟು ಕುಟುಂಬಗಳು ಬಾಡಿಗೆ ಮನೆಯಲ್ಲಿದ್ದವು. ಇಷ್ಟು ಜನರ ಬದುಕನ್ನು ಹಾದಿಹೋಕರ ಬದುಕು ಎಂದು ಎಣಿಸಿ ಮನೆ ಕಟ್ಟುವುದು ಸರಿಯೇ?

ಈಗ ದುಡ್ಡಿನ ಮಾತಿಗೆ ಬರುತ್ತೇನೆ. ನನಗೆ ಅತ್ಯಂತ ಸಿಟ್ಟು ಬರುವುದು ಇಲ್ಲಿ. ಬೆಂಗಳೂರಿನಲ್ಲಿ ಮನೆ ಖಾಲಿ ಮಾಡುವಾಗ ಪೇಂಟಿಂಗ್ ಬಾಬ್ತು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಿಂದ ಹಿಡಿದುಕೊಳ್ಳುವುದು ವಾಡಿಕೆ. ಬಹುತೇಕ ಕರಾರು ಪತ್ರಗಳಲ್ಲಿ ಅದಕ್ಕೊಂದು ಕಲಮು ಇರುತ್ತದೆ. ಹನ್ನೊಂದು ತಿಂಗಳಿದ್ದು ಹೋದವರೂ ಕೊಡಬೇಕು, ಆರು ವರ್ಷ ಇದ್ದವರೂ ಕೊಡಬೇಕು. 20,000 ರೂಪಾಯಿ ಬಾಡಿಗೆಯ ಮನೆಯೆಂದರೆ 20,000 ರೂಪಾಯಿ ಹೋಯಿತು. ಆ ಹಣದಲ್ಲಿ ಪೇಂಟರ್ ಬಂದು ಮಾಡುವ ಮೊದಲ ಕೆಲಸ ಏನು? ಗೋಡೆ ಉಜ್ಜುವುದು, ತೂತು ಬಿರುಕುಗಳಿಗೆ ಪುಟ್ಟಿ ತುಂಬುವುದು. ಅಂದರೆ ತೂತು ಮುಚ್ಚುವ ಕೂಲಿಯನ್ನು ಬಾಡಿಗೆದಾರರು ಕೊಟ್ಟೇ ಹೋಗುತ್ತಾರೆ. ಒಂದು ಕೈಯಲ್ಲಿ ಗೋಡೆಯನ್ನು ಮುಟ್ಟಬೇಡಿ ಎನ್ನುವುದು, ಇನ್ನೊಂದು ಕೈಯಲ್ಲಿ ಗೋಡೆ ಸರಿಪಡಿಸುವ ಹಣ ತೆಗೆದುಕೊಳ್ಳುವುದು, ಇವೆರಡೂ ಒಟ್ಟಿಗೆ ನಿಲ್ಲುವ ಮಾತಲ್ಲ. ಪೇಂಟಿಂಗ್ ಹಣ ಹಿಡಿಯುವುದಾದರೆ ಮೊಳೆಗೆ ಒಪ್ಪಿಗೆ ಕೊಡಿ. ಮೊಳೆ ಬೇಡವೆನ್ನುವುದಾದರೆ ಪೇಂಟಿಂಗ್ ಹಣ ಬಿಡಿ.

ಈ ವಾಡಿಕೆಗೆ ಕಾನೂನಿನ ಬಲವಿದೆ ಎಂದು ಬಹಳ ಜನ ನಂಬಿದ್ದಾರೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮನ್ನು ಓದಿದರೆ ಬೇರೆಯೇ ಚಿತ್ರ ಸಿಗುತ್ತದೆ. ಕರಾರಿನಲ್ಲಿ ಅಥವಾ ಸ್ಥಳೀಯ ರೂಢಿಯಲ್ಲಿ ಬೇರೆ ಮಾತಿಲ್ಲದಿದ್ದರೆ ಅನ್ವಯಿಸುವ ನಿಯಮಗಳು ಅಲ್ಲಿವೆ. ಬಾಡಿಗೆದಾರ ತಾನು ಜೋಡಿಸಿಕೊಂಡದ್ದನ್ನು, ಸ್ವತ್ತು ತನ್ನ ಸ್ವಾಧೀನದಲ್ಲಿರುವವರೆಗೆ, ತೆಗೆದುಕೊಂಡು ಹೋಗಬಹುದು, ಆದರೆ ಸ್ವತ್ತನ್ನು ತಾನು ಪಡೆದಾಗ ಇದ್ದ ಸ್ಥಿತಿಯಲ್ಲಿ ಬಿಡಬೇಕು. ಸಹಜ ಬಳಕೆಯ ಸವೆತವನ್ನು ಬಿಟ್ಟು ಮಿಕ್ಕದ್ದಕ್ಕೆ ಮಾತ್ರ ಅವನು ಹೊಣೆ. ಒಪ್ಪಿಗೆಯಿಲ್ಲದೆ ಶಾಶ್ವತ ಕಟ್ಟಡ ಕಟ್ಟುವಂತಿಲ್ಲ. ಸ್ಕ್ರೂ ಬಿಚ್ಚಿದರೆ ಕೈಗೆ ಬರುವ ಶೆಲ್ಫು ಶಾಶ್ವತ ಕಟ್ಟಡವಲ್ಲ ಎಂಬುದನ್ನು ಹೇಳಲು ವಕೀಲರು ಬೇಕಿಲ್ಲ. ನೂರನಲವತ್ತು ವರ್ಷದ ಹಿಂದೆಯೇ ಕಾನೂನು ಬಾಡಿಗೆದಾರನನ್ನು ಜೋಡಿಸುವವನು, ಬಿಚ್ಚಿಕೊಂಡು ಹೋಗುವವನು ಎಂದು ಊಹಿಸಿಕೊಂಡಿತ್ತು. ಅವನ ಕೈ ಕಟ್ಟಿಹಾಕುವುದು ಕರಾರು ಪತ್ರ. ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕಾಗುತ್ತದೆಂದು ಹನ್ನೊಂದು ತಿಂಗಳಿಗೆ ಬರೆಯುವ ಆ ಪತ್ರದ ಮಾದರಿಯನ್ನು ಟೈಪಿಂಗ್ ಅಂಗಡಿಯವರು ಯಾವ ಕಾಲದಿಂದಲೋ ಇಟ್ಟುಕೊಂಡಿದ್ದಾರೆ. ಹೆಸರು, ವಿಳಾಸ, ಮೊತ್ತ ಬದಲಾಯಿಸಿ ಛಾಪಾ ಕಾಗದದ ಮೇಲೆ ಮುದ್ರಿಸಿ ಕೊಡುತ್ತಾರೆ. ಗೋಡೆಯ ಕಲಮನ್ನು ಎರಡೂ ಕಡೆಯವರು ಕೂತು ಚರ್ಚಿಸಿ ಬರೆಸಿದ ಕರಾರು ನನ್ನ ಕಣ್ಣಿಗೆ ಬಿದ್ದಿಲ್ಲ.

2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡ ಎಂದಿತು. ಗೋಡೆಗೆ ಸುಣ್ಣ ಬಣ್ಣ ಮಾಡಿಸುವುದನ್ನು ಮಾಲೀಕರ ಪಟ್ಟಿಗೆ ಸೇರಿಸಿತು. ಆದರೆ ಅದು ಮಾದರಿ ಮಾತ್ರ, ರಾಜ್ಯಗಳು ಒಪ್ಪಿ ಕಾಯ್ದೆ ಮಾಡಿದರಷ್ಟೇ ಜಾರಿ. ಹತ್ತು ತಿಂಗಳ ಅಡ್ವಾನ್ಸ್ ಕೇಳಿ ಬೆಳೆದ ನಮ್ಮ ಊರಿಗೆ ಆ ಪಟ್ಟಿ ಇನ್ನೂ ದೂರದ್ದು.

ಜರ್ಮನಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕುಟುಂಬಗಳು ಬಾಡಿಗೆ ಮನೆಯಲ್ಲಿವೆ. ಅಲ್ಲಿಯ ಗೋಡೆಗಳೂ ನಮ್ಮವುಗಳಂತೆ ಇಟ್ಟಿಗೆ, ಕಾಂಕ್ರೀಟಿನವೇ. ಮನೆ ಬಿಡುವಾಗ ಎಲ್ಲ ತೂತುಗಳನ್ನೂ ಬಾಡಿಗೆದಾರರೇ ಮುಚ್ಚಬೇಕು ಎಂದು ಅಚ್ಚು ಹಾಕಿದ ಕರಾರಿನ ಕಲಮೊಂದು ಅಲ್ಲಿಯ ಅತ್ಯುನ್ನತ ಸಿವಿಲ್ ನ್ಯಾಯಾಲಯದ ಮುಂದೆ 1993ರಲ್ಲಿ ಬಂತು. ವಾಸಕ್ಕೆ ಸಹಜವಾಗಿ ಬೇಕಾಗುವಷ್ಟು ತೂತುಗಳು ಮನೆಯ ಬಳಕೆಯಲ್ಲೇ ಸೇರಿವೆ ಎಂದು ನ್ಯಾಯಾಲಯ ಆ ಕಲಮನ್ನು ತಳ್ಳಿಹಾಕಿತು. ಮನೆಯನ್ನು ಬಾಡಿಗೆಗೆ ಕೊಡುವುದೆಂದರೆ ಅದರಲ್ಲಿ ಬಾಳಲು ಕೊಡುವುದು. ಬಾಳಿನ ಗುರುತು ಗೋಡೆಯ ಮೇಲೆ ಬೀಳುತ್ತದೆ. ಅದನ್ನು ಅಪರಾಧವೆಂದು ನೋಡದ ಕಣ್ಣು ಅದು.

ಇನ್ನು ಮೊಳೆಯ ಬದಲಿಗೆ ಮಾರುವ ವಸ್ತುಗಳನ್ನು ಕೈಯಲ್ಲಿ ಹಿಡಿದು ನೋಡೋಣ. ಅಗ್ಗದ ಬಿಚ್ಚಿ ಜೋಡಿಸುವ ಕಪಾಟುಗಳಲ್ಲಿ ಬಹುಪಾಲು ಪಾರ್ಟಿಕಲ್ ಬೋರ್ಡಿನವು. ಮರದ ಪುಡಿ, ಚಕ್ಕೆಗಳನ್ನು ಅಂಟಿನಲ್ಲಿ ಕಲಸಿ, ಬಿಸಿಯಲ್ಲಿ ಒತ್ತಿ, ಮೇಲೆ ಮರದ ಚಿತ್ರದ ಹಾಳೆ ಹಚ್ಚಿದ ಹಲಗೆ. ಅದರಲ್ಲಿ ಎಳೆ ಎಂಬುದಿಲ್ಲ, ಹಾಗಾಗಿ ಸ್ಕ್ರೂ ಒಂದು ಸಲ ಕಚ್ಚಿದ ಜಾಗದಲ್ಲಿ ಇನ್ನೊಂದು ಸಲ ಅಷ್ಟೇ ಬಿಗಿಯಾಗಿ ಕಚ್ಚುವುದಿಲ್ಲ. ಮೊದಲ ಜೋಡಣೆಯಲ್ಲಿ ಗಟ್ಟಿ, ಎರಡನೆಯದರಲ್ಲಿ ಅಲುಗಾಟ, ಮೂರನೆಯ ಮನೆಗೆ ಹೋಗುವಷ್ಟರಲ್ಲಿ ತೂತು ದೊಡ್ಡದಾಗಿ ಕಡ್ಡಿ, ಕಾಗದ ತುರುಕಿ ನಿಲ್ಲಿಸುವ ಪಾಡು. ಮನೆಯಿಂದ ಮನೆಗೆ ಹೋಗುವವರಿಗಾಗಿ ಎಂದು ಮಾರುವ ವಸ್ತು ಮನೆಯಿಂದ ಮನೆಗೆ ಹೋಗುವುದನ್ನೇ ತಾಳದು. ಇದಕ್ಕಿಂತ ದೊಡ್ಡ ಮೋಸ ಫರ್ನಿಚರ್ ಅಂಗಡಿಯಲ್ಲಿ ನನಗೆ ಕಂಡಿಲ್ಲ. ನೀರಂತೂ ಅದರ ವೈರಿ. ದಿನವೂ ನೆಲ ಒರೆಸುವ ನಮ್ಮ ಮನೆಗಳಲ್ಲಿ ಕೆಳಗಿನ ಅಂಚು ತೇವ ಕುಡಿದು ಊದುತ್ತದೆ, ಹಚ್ಚಿದ ಪಟ್ಟಿ ಕಿತ್ತು ಬರುತ್ತದೆ. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ನೆಲ ಒರೆಸುವುದೂ ಬೇಕಿಲ್ಲ, ಗಾಳಿಯೇ ಸಾಕು.

ಭಾರದ ಲೆಕ್ಕವನ್ನೂ ಹಾಕಬೇಕು. ಒಂದು ಮೀಟರ್ ಉದ್ದಕ್ಕೆ ಒತ್ತಾಗಿ ನಿಲ್ಲಿಸಿದ ಪುಸ್ತಕಗಳು ಸುಮಾರು 25ರಿಂದ 30 ಕಿಲೋ ತೂಗುತ್ತವೆ. 80 ಸೆಂಟಿಮೀಟರ್ ಅಗಲದ ಐದು ಅಂತಸ್ತಿನ ಕಪಾಟು ತುಂಬಿದರೆ ನೂರು ಕಿಲೋ ದಾಟುತ್ತದೆ. ತೆಳ್ಳನೆಯ ಹಲಗೆ ಕೆಲವೇ ತಿಂಗಳಲ್ಲಿ ನಡುವೆ ಬಾಗುತ್ತದೆ, ಬಾಗಿದ್ದು ಪುಸ್ತಕ ತೆಗೆದರೂ ನೆಟ್ಟಗಾಗದು. ಪುಸ್ತಕ ಓದುವವರು ಕಡಿಮೆಯಾಗಿದ್ದಾರೆ ಎಂದು ಕೊರಗುವ ಊರಿನಲ್ಲಿ, ಇರುವ ಓದುಗರ ಪುಸ್ತಕಗಳು ಮಂಚದ ಕೆಳಗಿನ ರಟ್ಟಿನ ಪೆಟ್ಟಿಗೆಯಲ್ಲಿ ಗೆದ್ದಲಿಗಾಗಿ ಕಾಯುತ್ತಿವೆ. ಬಾಡಿಗೆ ಮನೆಯ ಮಕ್ಕಳು ಪುಸ್ತಕದ ಬೆನ್ನಿನ ಮೇಲಿನ ಹೆಸರುಗಳನ್ನು ಓದುತ್ತ ಬೆಳೆಯುವ ಅವಕಾಶ ಹೀಗೆ ಹೋಗುತ್ತಿದೆ. ಇದು ನನ್ನನ್ನು ನಿಜಕ್ಕೂ ನೋಯಿಸುತ್ತದೆ.

ಅಂಟು ಹುಕ್‌ಗಳ ಸಂಗತಿ ಬೇರೆ. ಅವು ಗೋಡೆಗೆ ಅಂಟುವುದಿಲ್ಲ, ಗೋಡೆಯ ಮೇಲಿನ ಬಣ್ಣಕ್ಕೆ ಅಂಟುತ್ತವೆ. ಬಣ್ಣ ಎಷ್ಟು ಗಟ್ಟಿಯೋ ಹುಕ್ ಅಷ್ಟೇ ಗಟ್ಟಿ. ಬಾಡಿಗೆ ಮನೆಗೆ ಸಾಮಾನ್ಯವಾಗಿ ಹೊಡೆಸುವ ಅಗ್ಗದ ಡಿಸ್ಟೆಂಪರ್ ಒಂದು ಕ್ಯಾಲೆಂಡರಿನ ಭಾರ ತಡೆದರೆ ಹೆಚ್ಚು. ಕೀಳುವಾಗ ಅಂಗೈಯಗಲ ಬಣ್ಣ ಪದರದೊಂದಿಗೆ ಎದ್ದು ಬರುತ್ತದೆ. ಆ ಗಾಯಕ್ಕೆ ಹೋಲಿಸಿದರೆ ಡ್ರಿಲ್ ಮಾಡಿದ ತೂತು ಎಷ್ಟೋ ಚಿಕ್ಕದು. ಸ್ಪ್ರಿಂಗ್ ಕೋಲುಗಳೂ ಅಷ್ಟೆ, ಹಗುರ ಪರದೆಗೆ ಆಗಬಹುದು, ಡಬ್ಬಿಗಳಿಗಲ್ಲ.

ಅಪಾಯದ ಮಾತು ಇವೆಲ್ಲಕ್ಕಿಂತ ದೊಡ್ಡದು. ಆರಡಿ ಎತ್ತರ, ಒಂದಡಿ ಆಳದ ಕಪಾಟು ಗೋಡೆಯ ಆಸರೆಯಿಲ್ಲದೆ ನಿಲ್ಲುವಂಥದ್ದಲ್ಲ. ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಗೋಡೆಯ ಬುಡಕ್ಕೆ ಸುತ್ತಲೂ ನಾಲ್ಕಿಂಚು ಎತ್ತರದ ಸ್ಕರ್ಟಿಂಗ್ ಟೈಲ್ಸ್ ಹೊರಚಾಚಿರುತ್ತದೆ. ಕಪಾಟಿನ ಕಾಲು ಅದಕ್ಕೆ ತಾಗಿ ನಿಲ್ಲುತ್ತದೆ, ಬೆನ್ನು ಗೋಡೆಯನ್ನು ಮುಟ್ಟುವುದೇ ಇಲ್ಲ. ಅಂಬೆಗಾಲು ಬಿಟ್ಟು ಏಳಲು ಕಲಿತ ಮಗು ಕೆಳಗಿನ ಹಲಗೆಯ ಮೇಲೆ ಕಾಲಿಟ್ಟು ಮೇಲಿನದನ್ನು ಹಿಡಿದರೆ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಅಮೆರಿಕದಲ್ಲಿ ಹೀಗೆ ಮಕ್ಕಳು ಸತ್ತ ಮೇಲೆ 2016ರಲ್ಲಿ ಐಕಿಯಾ ಕಂಪನಿ ಸುಮಾರು 2.9 ಕೋಟಿ ಡ್ರಾಯರ್ ಪೆಟ್ಟಿಗೆಗಳನ್ನು ಹಿಂದಕ್ಕೆ ಕರೆಯಬೇಕಾಯಿತು. 2022ರಲ್ಲಿ ಅಲ್ಲಿಯ ಸಂಸತ್ತು ಬಟ್ಟೆಯ ಪೆಟ್ಟಿಗೆಗಳು ಮಗುಚಿ ಬೀಳದಂತೆ ಮಾಡುವ ಕಾಯ್ದೆಯನ್ನೇ ತಂದಿತು. ಇಂದು ಇಂಥ ಎತ್ತರದ ಕಪಾಟುಗಳ ಜೊತೆ ಗೋಡೆಗೆ ಬಿಗಿಯುವ ಪಟ್ಟಿ ಬರುತ್ತದೆ, ಗೋಡೆಗೆ ಬಿಗಿಯದೆ ಬಳಸಬೇಡಿ ಎಂದು ಕೈಪಿಡಿಯಲ್ಲಿ ಚಿತ್ರ ಸಹಿತ ಹೇಳಿರುತ್ತದೆ. ಮೊಳೆಯೇ ಬೇಡದ ಬಾಡಿಗೆದಾರರ ಶೆಲ್ಫ್ ಎಂಬ ಮಾತನ್ನು ಆ ಶೆಲ್ಫಿನ ಕೈಪಿಡಿಯೇ ಸುಳ್ಳು ಮಾಡುತ್ತದೆ.

ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಒಬ್ಬ ತಾಯಿ ಕಪಾಟುಗಳನ್ನು ಗೋಡೆಗೆ ಬಿಗಿಯಲು ಅನುಮತಿ ಕೇಳಿದ್ದರು. ಬಾಡಿಗೆ ಮನೆ, ಗೋಡೆಗೆ ತೂತು ಬೇಡ ಎಂದು ಅನುಮತಿ ಸಿಗಲಿಲ್ಲ. 2015ರಲ್ಲಿ ಅವರ ಎರಡು ವರ್ಷವೂ ತುಂಬದ ಮಗು ಮೈಮೇಲೆ ಡ್ರಾಯರ್ ಪೆಟ್ಟಿಗೆ ಬಿದ್ದು ತೀರಿಕೊಂಡಿತು. 2019ರಲ್ಲಿ ಪಶ್ಚಿಮ ಆಸ್ಟ್ರೇಲಿಯಾ ಕಾನೂನು ಬದಲಿಸಿತು. ಈಗ ಅಲ್ಲಿ ಕಪಾಟನ್ನು ಗೋಡೆಗೆ ಬಿಗಿಯಲು ಬಾಡಿಗೆದಾರರು ಕೇಳಿದರೆ, ಕಾನೂನು ಹೇಳಿದ ಕೆಲವೇ ಕಾರಣಗಳಿಗಲ್ಲದೆ ಮಾಲೀಕರು ಬೇಡವೆನ್ನುವಂತಿಲ್ಲ. ಅದಕ್ಕೆ ಒಂದು ಮಗು ಸಾಯಬೇಕಾಯಿತು. ನಮ್ಮಲ್ಲೂ ಅದಕ್ಕಾಗಿ ಕಾಯಬೇಕೆ?

ಮಾಡ್ಯುಲರ್ ಎಂಬ ಕಲ್ಪನೆಯನ್ನೇ ನಾನು ಹಳಿಯುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. ಅದು ಒಳ್ಳೆಯ ಕಲ್ಪನೆ, ಅದರ ಚರಿತ್ರೆಯೂ ಸೊಗಸಾದದ್ದು. ಸ್ವೀಡನ್ನಿನ ಬೊನ್ನಿಯರ್ ಪ್ರಕಾಶನ ಸಂಸ್ಥೆ ಜನ ಹೆಚ್ಚು ಪುಸ್ತಕ ಕೊಳ್ಳಲಿ ಎಂದು, ಅಗ್ಗವಾಗಿ, ಸಾಗಿಸಲು ಹಗುರವಾಗಿ, ಸುಲಭವಾಗಿ ಜೋಡಿಸಲು ಬರುವ ಶೆಲ್ಫಿಗಾಗಿ ಸ್ಪರ್ಧೆ ಏರ್ಪಡಿಸಿತು. 1949ರಲ್ಲಿ ಅದನ್ನು ಗೆದ್ದದ್ದು ನಿಸ್ಸೆ ಸ್ಟ್ರಿನ್ನಿಂಗ್ ರೂಪಿಸಿದ, ತಂತಿಯ ಏಣಿಗಳ ನಡುವೆ ಹಲಗೆ ಕೂರಿಸುವ ಸ್ಟ್ರಿಂಗ್ ಶೆಲ್ಫ್. 1960ರಲ್ಲಿ ಜರ್ಮನಿಯ ಡೀಟರ್ ರಾಮ್ಸ್ 606 ಎಂಬ ಶೆಲ್ಫನ್ನು ರೂಪಿಸಿದರು, ಅದು ಇಂದಿಗೂ ತಯಾರಾಗುತ್ತಿದೆ. ಇವೆರಡರ ಜೀವ ಎಲ್ಲಿದೆ? ಏಣಿಯನ್ನೋ ಲೋಹದ ಪಟ್ಟಿಯನ್ನೋ ಗೋಡೆಗೆ ಸ್ಕ್ರೂ ಹಾಕಿ ಬಿಗಿಯುತ್ತಾರೆ, ಹಲಗೆ ಬೇಕಾದ ಎತ್ತರಕ್ಕೆ ಕೂರುತ್ತದೆ. ಭಾರವನ್ನು ಗೋಡೆ ಹೊರುತ್ತದೆ, ಅದಕ್ಕೇ ಹಲಗೆ ತೆಳ್ಳಗಿರಬಹುದು, ಹಗುರವಾಗಿರಬಹುದು, ಬದಲಾಗುತ್ತ ಇರಬಹುದು. ಗೋಡೆಯನ್ನು ಕಿತ್ತುಕೊಂಡು ಮಾಡ್ಯುಲರ್ ಎಂಬ ಹೆಸರನ್ನಷ್ಟೇ ಉಳಿಸಿಕೊಂಡವರು ಆ ಕಲ್ಪನೆಯ ಬೆನ್ನೆಲುಬನ್ನೇ ಮುರಿದಿದ್ದಾರೆ.

ಇದನ್ನು ನೋಡಲು ಸ್ವೀಡನ್ನಿಗೆ ಹೋಗಬೇಕಿಲ್ಲ. ನಿಮ್ಮ ಬೀದಿಯ ಮೆಡಿಕಲ್ ಶಾಪಿಗೋ ಫ್ಯಾನ್ಸಿ ಸ್ಟೋರಿಗೋ ಹೋಗಿ ಗೋಡೆ ನೋಡಿ. ಉದ್ದಕ್ಕೆ ಸೀಳುಗಳಿರುವ ಕಬ್ಬಿಣದ ಪಟ್ಟಿಗಳನ್ನು ನೆಟ್ಟಗೆ ಗೋಡೆಗೆ ಬಿಗಿದಿರುತ್ತಾರೆ. ಸೀಳಿಗೆ ಬ್ರ್ಯಾಕೆಟ್ ಸಿಕ್ಕಿಸಿ, ಮೇಲೆ ಗಾಜೋ ಹಲಗೆಯೋ ಇಡುತ್ತಾರೆ. ಎತ್ತರ ಬದಲಿಸಲು ಸುತ್ತಿಗೆ ಬೇಡ, ಕೈಯೇ ಸಾಕು. ಬಾಡಿಗೆ ಮನೆಗೆ ಬೇಕಾದದ್ದು ಇದು. ಓನರ್ ಒಂದೇ ಸಲ, ಮನೆ ಕಟ್ಟುವಾಗ ಅಥವಾ ಬಣ್ಣ ಹೊಡೆಸುವಾಗ, ಪ್ರತಿ ಕೋಣೆಯ ಒಂದು ಗೋಡೆಗೆ ಈ ಪಟ್ಟಿಗಳನ್ನು ಬಿಗಿಸಲಿ. ಅಡಿಗೆಮನೆಯಲ್ಲಿ ಒಂದು ಸಾಲು, ಹಾಲ್‌ನಲ್ಲಿ ಒಂದು ಸಾಲು, ಮಲಗುವ ಕೋಣೆಯಲ್ಲಿ ಒಂದು. ಬರುವ ಸಂಸಾರ ತನ್ನ ಬ್ರ್ಯಾಕೆಟ್ಟು, ತನ್ನ ಹಲಗೆ ತರುತ್ತದೆ. ಹೋಗುವಾಗ ಒಯ್ಯುತ್ತದೆ. ಗೋಡೆಯಲ್ಲಿ ಹೊಸ ತೂತು ಬೀಳುವುದೇ ಇಲ್ಲ. ಟು-ಲೆಟ್ ಬೋರ್ಡಿನಲ್ಲಿ ಕಾರ್ ಪಾರ್ಕಿಂಗ್, ಸೋಲಾರ್ ನೀರು ಎಂದು ಬರೆಯುವವರು ಶೆಲ್ಫ್ ಪಟ್ಟಿ ಇದೆ ಎಂದೂ ಬರೆಯಬಹುದು. ಅದರ ಖರ್ಚು ಒಂದು ಸಲದ ಪೇಂಟಿಂಗ್ ಹಣದಲ್ಲಿ ಒಂದು ಪಾಲು.

ಓನರ್‌ಗಳ ಹೆದರಿಕೆಯಲ್ಲಿ ನಿಜವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಬೆಂಗಳೂರಿನಲ್ಲಿ ಮನೆ ಬಾಡಿಗೆಗೆ ಕೊಡುವ ಎಷ್ಟೋ ಮಂದಿ ದೊಡ್ಡ ಶ್ರೀಮಂತರಲ್ಲ. ನಿವೃತ್ತಿಯ ಹಣವನ್ನೆಲ್ಲ ಹಾಕಿ ಮನೆ ಕಟ್ಟಿ, ಕೆಳಗೆ ತಾವಿದ್ದು ಮೇಲಿನ ಬಾಡಿಗೆಯಲ್ಲಿ ಔಷಧಿ, ದಿನಸಿ ತರುವವರು. ಗೋಡೆ ಜರಡಿಯಾದೀತು ಎಂಬ ಅವರ ಭಯ ಅರ್ಥವಾಗುತ್ತದೆ. ಆದರೆ ಗೋಡೆ ಕೆಡುವುದು ಹೇಗೆ ಎಂದು ಅವರು ಒಂದು ಕ್ಷಣ ನೋಡಬೇಕು. ನಿಷೇಧವಿದ್ದರೂ ಮೊಳೆ ಬೀಳುತ್ತದೆ, ಕದ್ದು ಬೀಳುತ್ತದೆ. ಓನರ್ ಮದುವೆಗೆ ಊರಿಗೆ ಹೋದ ದಿನ, ಡ್ರಿಲ್ ಸದ್ದಿನ ಭಯಕ್ಕೆ, ಸುತ್ತಿಗೆ ಇಲ್ಲದಿದ್ದರೆ ಕಲ್ಲಿನಿಂದ, ಅವಸರದಲ್ಲಿ ಹೊಡೆದ ಮೊಳೆ ಪ್ಲಾಸ್ಟರನ್ನು ರೂಪಾಯಿಯಗಲ ಉದುರಿಸುತ್ತದೆ. ಬಗ್ಗುತ್ತದೆ, ಇನ್ನೊಂದು ಜಾಗದಲ್ಲಿ ಹೊಡೆಯುತ್ತಾರೆ. ಒಪ್ಪಿಗೆಯಿದ್ದರೆ ಎಲೆಕ್ಟ್ರಿಶಿಯನ್ ಬಂದು 6 ಅಥವಾ 8 ಮಿಲಿಮೀಟರ್ ಬಿಟ್ಟಿನಲ್ಲಿ ತೂತು ಕೊರೆದು, ಪ್ಲಗ್ ಕೂರಿಸಿ, ಸ್ಕ್ರೂ ಬಿಗಿಯುತ್ತಾನೆ. ಬಿಚ್ಚಿದ ಮೇಲೆ ಉಳಿಯುವುದು ಬೆರಳ ತುದಿಯಷ್ಟು ಪುಟ್ಟಿಯಲ್ಲಿ ಮುಚ್ಚುವ ತೂತು. ಗೋಡೆಯನ್ನು ಕೆಡಿಸುತ್ತಿರುವುದು ಆ ನಿಷೇಧವೇ.

ನಿಜವಾಗಿ ಎಚ್ಚರ ಬೇಕಾದ ಜಾಗಗಳು ಕೆಲವಿವೆ, ಅವನ್ನು ಯಾರೂ ಹೇಳಿಕೊಡುವುದಿಲ್ಲ. ಸ್ವಿಚ್ ಬೋರ್ಡಿನ ನೇರ ಮೇಲೆ ಮತ್ತು ಕೆಳಗೆ ವಯರಿನ ಪೈಪು ಗೋಡೆಯೊಳಗೆ ಹೋಗಿರುತ್ತದೆ, ಅಲ್ಲಿ ಡ್ರಿಲ್ ಹಾಕಬಾರದು. ಬಚ್ಚಲುಮನೆಗೆ ಬೆನ್ನು ಕೊಟ್ಟ ಗೋಡೆಯಲ್ಲಿ ನೀರಿನ ಪೈಪು ಇರುತ್ತದೆ. ಹಗುರ ಬ್ಲಾಕಿನ ಗೋಡೆಗೆ ಅದಕ್ಕೆಂದೇ ಬರುವ ಪ್ಲಗ್ ಬೇಕು, ಮಾಮೂಲಿನದು ಹಿಡಿಯುವುದಿಲ್ಲ. ಹೊಸ ಅಪಾರ್ಟ್‌ಮೆಂಟುಗಳ ಪೂರ್ತಿ ಕಾಂಕ್ರೀಟ್ ಗೋಡೆಗೆ ಸುತ್ತಿಗೆ ಮೊಳೆ ನಾಟುವುದೇ ಇಲ್ಲ, ಹ್ಯಾಮರ್ ಡ್ರಿಲ್ ಬೇಕು. ಪೈಪು ಎಲ್ಲಿ ಹೋಗಿದೆ ಎಂಬುದು ಮನೆ ಕಟ್ಟಿಸಿದವರಿಗೆ ಗೊತ್ತಿರುತ್ತದೆ. ಬೀಗದ ಕೈ ಕೊಡುವಾಗ ಒಂದೂ ಮೊಳೆ ಬೇಡ ಎನ್ನುವ ಬದಲು, “ಈ ಗೋಡೆಗೆ ಬೇಡಿ, ಆ ಗೋಡೆಗೆ ಎಲ್ಲಿ ಬೇಕಾದ್ರೂ ಹಾಕ್ಕೊಳ್ಳಿ” ಎಂದರೆ ಎರಡು ಕಡೆಯವರೂ ಉಳಿದುಕೊಳ್ಳುತ್ತಾರೆ.

ಇನ್ನೊಂದು ವಾದವಿದೆ. ಬಾಡಿಗೆ ಮನೆಯವರು ಕಡಿಮೆ ಸಾಮಾನಿನಲ್ಲಿ ಹಗುರವಾಗಿ ಬದುಕಬೇಕು ಎನ್ನುವುದು. ಒಂಟಿಯಾಗಿ ಪಿ.ಜಿ.ಯಲ್ಲಿರುವ ಹುಡುಗರಿಗೆ ಅದು ಸರಿಹೋದೀತು. ಸಂಸಾರಕ್ಕೆ ಸರಿಹೋಗದು. ತಿಂಗಳ ಅಕ್ಕಿ ಬೇಳೆ, ಉಪ್ಪಿನಕಾಯಿ ಜಾಡಿ, ಮಕ್ಕಳ ಪಠ್ಯಪುಸ್ತಕ, ಅಜ್ಜಿ ಕೊಟ್ಟ ಹಿತ್ತಾಳೆ ಕೊಡ, ವಯಸ್ಸಾದವರ ಔಷಧಿ, ದೇವರ ಸಾಮಾನು, ಇವುಗಳಲ್ಲಿ ಯಾವುದನ್ನು ಎಸೆಯಬೇಕು? ಈ ಉಪದೇಶದ ಭಾರ ಬೀಳುವುದು ಮನೆಯ ಹೆಂಗಸರ ಬೆನ್ನಿನ ಮೇಲೆ. ನೆಲದ ಮೇಲಿಟ್ಟ ಡಬ್ಬಿಗೆ ಅಡಿಗೆಯ ಹೊತ್ತಿನಲ್ಲಿ ಎಷ್ಟು ಸಲ ಬಗ್ಗಿ ಏಳಬೇಕು ಎಂಬುದನ್ನು ಹಗುರ ಬದುಕಿನ ಬೋಧಕರು ಎಣಿಸಿಲ್ಲ. ಎದೆಮಟ್ಟದ ಒಂದು ಹಲಗೆ ಆ ಕಷ್ಟವನ್ನೆಲ್ಲ ತಪ್ಪಿಸುತ್ತದೆ. ಅದು ಐಷಾರಾಮವಲ್ಲ.

ಓನರ್ ಒಪ್ಪುವವರೆಗೆ ಏನು ಮಾಡಬೇಕು ಎಂದು ಕೇಳುವವರಿಗೆ ಒಂದೇ ಮಾತು: ಪಾರ್ಟಿಕಲ್ ಬೋರ್ಡಿಗೆ ದುಡ್ಡು ಸುರಿಯಬೇಡಿ, ಕಬ್ಬಿಣದ ರ‍್ಯಾಕ್ ಕೊಳ್ಳಿ. ಸಾಲು ಸಾಲು ತೂತುಗಳಿರುವ ಆಂಗಲ್‌ಗೆ ನಟ್ಟು ಬೋಲ್ಟು ಹಾಕಿ ಜೋಡಿಸುವ ಇದು 1947ರಲ್ಲಿ ಇಂಗ್ಲೆಂಡಿನಲ್ಲಿ ಡಿಮಿಟ್ರಿಯಸ್ ಕೊಮಿನೊ ಎಂಬವರು ಡೆಕ್ಸಿಯನ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ವಸ್ತು. ಬೆಂಗಳೂರಿನ ಎಸ್‌ಜೆಪಿ ರಸ್ತೆಯಂಥ ಹಾರ್ಡ್‌ವೇರ್ ಬೀದಿಗಳಲ್ಲಿ, ಜಿಲ್ಲಾ ಪಟ್ಟಣಗಳ ಸ್ಟೀಲ್ ಅಂಗಡಿಗಳಲ್ಲಿ ಬೇಕಾದ ಅಳತೆಗೆ ಸಿಗುತ್ತದೆ. ಇಪ್ಪತ್ತು ಸಲ ಬಿಚ್ಚಿ ಜೋಡಿಸಿದರೂ ಬೋಲ್ಟು ಅಷ್ಟೇ ಬಿಗಿ. ತುಕ್ಕು ಬಂದರೆ ಉಜ್ಜಿ ಬಣ್ಣ ಹೊಡೆದರಾಯಿತು. ಗೋದಾಮಿನ ರೂಪದ್ದು ಎಂದು ಹಾಲ್‌ನಲ್ಲಿಡಲು ಹಿಂಜರಿಯುವವರು ಅದಕ್ಕೊಂದು ಒಳ್ಳೆಯ ಬಣ್ಣ ಹಚ್ಚಿ ನೋಡಬೇಕು. ಭಾರವಾದದ್ದನ್ನು ಕೆಳಗಿಡಿ. ಮೇಲಿನ ತುದಿಯನ್ನು ಮಾತ್ರ ಹೇಗಾದರೂ ಒಪ್ಪಿಸಿ ಗೋಡೆಗೆ ಬಿಗಿಯಿರಿ. ಮಕ್ಕಳಿರುವ ಮನೆಯಲ್ಲಿ ಈ ಒಂದು ಸ್ಕ್ರೂವಿನ ವಿಷಯದಲ್ಲಿ ಮುಲಾಜು ಬೇಡ.

ಕರಾರಿನಲ್ಲಿ ಬರೆಸಬೇಕಾದದ್ದು ಬಹಳವೇನಲ್ಲ. ವಾಸಕ್ಕೆ ಬೇಕಾದ ಶೆಲ್ಫ್, ಪರದೆ, ಫೋಟೊಗಳಿಗೆ ಬಾಡಿಗೆದಾರರು ಡ್ರಿಲ್ಲಿನಿಂದ ತೂತು ಕೊರೆದು ಪ್ಲಗ್ ಹಾಕಿಕೊಳ್ಳಬಹುದು. ವಯರು, ನೀರಿನ ಪೈಪು ಇರುವ ಗೋಡೆಗಳನ್ನು ಮಾಲೀಕರು ಮೊದಲೇ ತೋರಿಸತಕ್ಕದ್ದು. ಬಿಡುವಾಗ ತೂತುಗಳಿಗೆ ಪುಟ್ಟಿ ತುಂಬುವುದು ಬಾಡಿಗೆದಾರರ ಕೆಲಸ. ಹಾಗೆ ತುಂಬಿದ ಮೇಲೆ ಅದರ ಹೆಸರಿನಲ್ಲಿ ಅಡ್ವಾನ್ಸಿನಿಂದ ಏನನ್ನೂ ಹಿಡಿಯುವಂತಿಲ್ಲ. ನಾಲ್ಕು ಸಾಲು ಇಷ್ಟೆ. ಟೈಪಿಂಗ್ ಅಂಗಡಿಯವರು ಇದನ್ನೂ ತಮ್ಮ ಮಾದರಿಗೆ ಸೇರಿಸಿಕೊಂಡರೆ ಬೀದಿಯ ಎಷ್ಟೋ ಜಗಳ ನಿಲ್ಲುತ್ತದೆ. ಕೇಳುವುದಾದರೆ ಅಡ್ವಾನ್ಸ್ ಕೊಡುವ ಮೊದಲೇ, ಮನೆ ನೋಡಿದ ದಿನವೇ ಕೇಳಬೇಕು. ಓನರ್‌ಗೆ ಒಳ್ಳೆಯ ಬಾಡಿಗೆದಾರರು ಬೇಕಾಗಿರುವ ಹೊತ್ತು ಅದು.